ಕೆಂಪರಾಜು ಹೇಳಿದ್ದು

ಬೆಂಕಿ ಹಚ್ಚಬೇಡಿ ಎಂದು ಕೆಂಪರಾಜು ಗುರುಪ್ರಸಾದನಿಗೆ ಹೇಳಿ ಹೋದ. ಎಲ್ಲ ಸರಿಯಾಗಿದೆ, ಹಚ್ಚಬಹುದು ಎಂದು ಕೆಂಪರಾಜು ಹೇಳಿದರು ಅಂತ ಗುರುಪ್ರಸಾದ ತನ್ನ ಹೆಂಡತಿಗೆ ಹೇಳಿದ.

ಅದಾಗಿ ಎಂಟು ದಿನ. ಇವತ್ತು ಭಾನುವಾರ. ಅಮೆರಿಕದ ಬೆರ್ರಿಯೆಸಾ ಬಡಾವಣೆಯ ಈ ಮನೆಯ ಕಿಟಕಿಯಿಂದ ದಿನಾ ಕಾಣುವ ಗುಡ್ಡಗಳನ್ನು ಡಿಸೆಂಬರಿನ ಮಂಜು ನುಂಗಿತ್ತು. ಗುರುಪ್ರಸಾದ ಕಾಫಿ ಲೋಟ ಹಿಡಿದುಕೊಂಡು ಇನ್ಸರ್ಟಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದ. ಹಳೆಯ ಇಟ್ಟಿಗೆ ಫೈರ್‌ಪ್ಲೇಸಿನ ಬಾಯೊಳಗೆ ಅಳತೆಗೆ ಸರಿಯಾಗಿ ಕೂತಿದ್ದ ಎರಕದ ಕಬ್ಬಿಣದ ಒಲೆ ಅದು. ಮುಂದೆ ಗಾಜಿನ ಬಾಗಿಲು, ಪಕ್ಕದಲ್ಲಿ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ಸಣ್ಣ ಹಿಡಿ. ಗಾಜಿನಲ್ಲಿ ಅವನ ಮುಖ ಕಾಣುತ್ತಿತ್ತು. ನಲವತ್ತೆರಡು ವರ್ಷದ, ಮೀಸೆ ಬೋಳಿಸಿದ, ಕನ್ನಡಕದ, ಯಾವ ಸಭೆಯಲ್ಲಾದರೂ ಎರಡನೆಯ ಸಾಲಿನಲ್ಲಿ ಕೂರಿಸಬಹುದಾದ ಮುಖ. ಈ ಮುಖ ಸುಳ್ಳು ಹೇಳಿತು ಎಂದರೆ ನಂಬುವವರು ಕಡಿಮೆ ಎಂದು ಯೋಚಿಸಿದ. ಆಮೇಲೆ, ಸುಳ್ಳು ಹೇಳುವವರಿಗೆಲ್ಲ ಇಂಥದೇ ಮುಖ ಇರುತ್ತದಲ್ಲ ಎಂದೂ ಯೋಚಿಸಿದ. ಹೀಗೆ ಒಂದು ಯೋಚನೆಯ ಹಿಂದೆ ಅದನ್ನೇ ಬೈಯುವ ಇನ್ನೊಂದು ಯೋಚನೆಯನ್ನು ತಂದು ನಿಲ್ಲಿಸಿಬಿಟ್ಟರೆ ಲೆಕ್ಕ ಚುಕ್ತಾ ಆಯಿತು ಎಂಬ ನಂಬಿಕೆ ಅವನಿಗೆ ಮೈಸೂರಿನ ದಿನಗಳಿಂದ ಇತ್ತು. ಅಲ್ಲಿ ಸೈಕಲ್ ಶಾಪಿನ ಮೇಲಿನ ಕೋಣೆಯಲ್ಲಿ ಪ್ರತಿ ಶನಿವಾರ ಸೇರುತ್ತಿದ್ದ ಓದುಬಳಗದಲ್ಲಿ ಇದಕ್ಕೆ ಆತ್ಮವಿಮರ್ಶೆ ಎಂದು ಹೆಸರು. ಆತ್ಮವಿಮರ್ಶೆ ಮುಗಿದ ಮೇಲೆ ಎಲ್ಲರೂ ಇಳಿದು ಹೋಗಿ ಮಸಾಲೆದೋಸೆ ತಿನ್ನುತ್ತಿದ್ದರು.

ಹೋದ ಶನಿವಾರ ಕೆಂಪರಾಜು ಬೆಳಗ್ಗೆ ಎಂಟಕ್ಕೇ ಬಂದಿದ್ದ. ಅದರ ಹಿಂದಿನ ಶನಿವಾರವೂ ಬಂದಿದ್ದ. ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ತಗಡಿನ ಕೆಲಸ ಮಾಡಿದವನು. ಹೆಂಡತಿಗೆ ನರ್ಸಿನ ಕೆಲಸ ಸಿಕ್ಕು ಅವಳ ಹಿಂದೆ ಬಂದು, ಈಗ ಆಫೀಸುಗಳ ಚಾವಣಿಯೊಳಗೆ ಗಾಳಿ ಸಾಗಿಸುವ ತಗಡಿನ ಡಕ್ಟು ಕೂರಿಸುವ ಶಾಪಿನಲ್ಲಿದ್ದ. ಕನ್ನಡದವರು ಸೇರುವ ಕಡೆಗಳಲ್ಲಿ ಇಂಜಿನಿಯರೂ ಅಲ್ಲದ ಡಾಕ್ಟರೂ ಅಲ್ಲದ ಮನುಷ್ಯ ಅವನೊಬ್ಬನೇ. ಅವನನ್ನು ಇಲ್ಲಿನ ಕನ್ನಡ ಓದುಬಳಗಕ್ಕೆ ಕರೆತಂದವನು ಗುರುಪ್ರಸಾದನೇ. ಕರೆತಂದ ಮೇಲೆ ಆರು ತಿಂಗಳು ಆ ವಿಷಯವನ್ನು ತಾನೇ ನಾಲ್ಕು ಜನರಿಗೆ ಹೇಳಿಕೊಂಡು ಓಡಾಡಿದ್ದ. ಸಾರ್ ಅನ್ನಬೇಡಿ ಎಂದು ಕೆಂಪರಾಜುವಿಗೆ ಹತ್ತು ಸಲ ಹೇಳಿದ್ದ, ಹತ್ತು ಸಲವೂ ಸಾರ್‌ಗಳು ಹೇಳುವ ಧಾಟಿಯಲ್ಲೇ. ಕೆಂಪರಾಜು ಹತ್ತು ಸಲವೂ ಆಗಲಿ ಸಾರ್ ಎಂದಿದ್ದ.

ಇನ್ಸರ್ಟನ್ನು ಗುರುಪ್ರಸಾದ ಪೇಪರಿನ ಜಾಹೀರಾತು ನೋಡಿ ಸ್ಯಾನ್ ರಮೋನ್‌ನಲ್ಲಿ ಮನೆ ಖಾಲಿ ಮಾಡುತ್ತಿದ್ದ ಮುದುಕನೊಬ್ಬನಿಂದ ತಂದಿದ್ದ. ನಾಲ್ಕು ಜನ ಸೇರಿ ಎತ್ತಿದರೂ ಸೊಂಟ ಹಿಡಿದುಕೊಳ್ಳುವಷ್ಟು ಭಾರ. ಅತ್ತೆಗೆ ಚಳಿ ಆಗದಿರಲಿ ಎಂದು ತಂದೆ ಅಂತ ಹೇಳಿದ. ಗ್ಯಾಸ್ ಹೀಟರಿನ ಗಾಳಿಯಲ್ಲಿ ಮೂಗು ಒಣಗುತ್ತದೆ ಎಂದೂ ಹೇಳಿದ. ಫಾಸ್ಟರ್ ಸಿಟಿಯಲ್ಲಿ ನೀರಿನ ಪಕ್ಕ ಮನೆ ಮಾಡಿಕೊಂಡಿರುವ, ಬಳಗದ ಜಗನ್ನಾಥ ಹೋದ ಚಳಿಗಾಲದಲ್ಲಿ ಕಂಪನಿಯವರಿಂದ ಇಂಥದೊಂದನ್ನು ಹಾಕಿಸಿ, ಅದರ ಮುಂದೆ ಕಾಲು ಚಾಚಿ ಕೂತು ಬಡತನದ ಬಗ್ಗೆ ಮಾತಾಡಿದ್ದು ಇನ್ನೂ ಚುಚ್ಚುತ್ತಲೇ ಇತ್ತು ಎಂದು ಮಾತ್ರ ಹೇಳಲಿಲ್ಲ. ಹೆಂಡತಿ ಇಂದುಗೆ ಮೊದಲ ದಿನವೇ ಇದು ಬೇಡವಾಗಿತ್ತು. ಹಳೇ ಸಾಮಾನು, ಯಾರು ಕೂರಿಸುತ್ತಾರೆ, ಲೈಸೆನ್ಸ್ ಇರುವವರನ್ನು ಕರೆಸು ಎಂದಿದ್ದಳು. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಪ್ರತಿಯೊಂದನ್ನೂ ಎರಡು ಸಲ ಪರೀಕ್ಷೆ ಮಾಡದೆ ನಂಬುವವಳಲ್ಲ. ನಮ್ಮ ಕೆಂಪರಾಜು ಇಲ್ಲವೇ, ಇಲ್ಲಿನ ಲೈಸೆನ್ಸಿನವರಿಗಿಂತ ಅವರ ಕೈ ಚೆನ್ನಾಗಿದೆ ಎಂದು ಗುರುಪ್ರಸಾದ ಭಾಷಣವನ್ನೇ ಮಾಡಿದ್ದ. ಕೆಂಪರಾಜುವಿನ ಕೈಯ ಮೇಲೆ ಅಷ್ಟು ಗೌರವ ಅವನಿಗೆ.

ಮೊದಲ ಶನಿವಾರ ಕೆಂಪರಾಜು ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿ, ಇದು ನಿಜವಾದ ಇಟ್ಟಿಗೆ ಗೂಡು, ತಗಡಿನ ಡಬ್ಬಿ ಕೂರಿಸಿ ಮೇಲೆ ಇಟ್ಟಿಗೆ ಅಂಟಿಸಿದ್ದಲ್ಲ, ಸದ್ಯ ಎಂದಿದ್ದ. ಉದ್ದ ಕೋಲಿನ ತಂತಿ ಬ್ರಷ್ಷು ಹಾಕಿ ಚಿಮ್ನಿಯನ್ನು ಮೇಲಿಂದ ಕೆಳಗಿನವರೆಗೆ ಉಜ್ಜಿ ಎರಡು ಬಕೆಟ್ಟು ಮಸಿ ತೆಗೆದಿದ್ದ. ಮುಂದಿನ ನೆಲದ ಮೇಲೆ ಕೆಂಡ ಸಿಡಿದರೆ ಕಾರ್ಪೆಟ್ಟಿಗೆ ತಾಗಬಾರದೆಂದು ಒಂದೂವರೆ ಅಡಿ ಅಗಲಕ್ಕೆ ಇಟ್ಟಿಗೆ ಹಾಸಿ ಸಂದಿಗೆ ಸಿಮೆಂಟು ತುಂಬಿದ್ದ. ಮೇಲಿನ ಮರದ ಹಲಗೆಗೂ ಒಲೆಗೂ ಎಷ್ಟು ದೂರವಿದೆ ಎಂದು ಟೇಪು ಹಿಡಿದು ಅಳೆದಿದ್ದ. ಎರಡನೆಯ ಶನಿವಾರ ಒಲೆ ಕೂರಿಸುವ ಮೊದಲು ಒಂದು ಕನ್ನಡಿಯನ್ನು ಗೂಡಿನೊಳಕ್ಕೆ ಓರೆಯಾಗಿ ಹಿಡಿದು ಟಾರ್ಚು ಬಿಟ್ಟು ಬಹಳ ಹೊತ್ತು ನೋಡಿದ. ಗುರುಪ್ರಸಾದ ಪಕ್ಕದಲ್ಲಿ ಮ್ಯಾನ್ಯುಯಲ್ ಹಿಡಿದು ನಿಂತಿದ್ದ. ತಾನೂ ದುಡಿಯುತ್ತಿದ್ದೇನೆ ಎಂಬ ಭಾವನೆ ಬರಲೆಂದು ತೋಳು ಮಡಿಸಿಕೊಂಡಿದ್ದ.

"ಸಾರ್, ಇಲ್ಲಿ ಬಗ್ಗಿ ನೋಡಿ" ಎಂದ ಕೆಂಪರಾಜು. ಕನ್ನಡಿಯಲ್ಲಿ ಒಂದರ ಮೇಲೊಂದು ಕೂರಿಸಿದ ಮಣ್ಣಿನ ಟೈಲುಗಳ ಕೊಳವೆ ಕಂಡಿತು. ಅದರ ಮೈಮೇಲೆ ಕಪ್ಪು ಗೆರೆ. ಮೊದಲು ಕೂದಲೆಂದುಕೊಂಡ. ಟಾರ್ಚು ಸರಿಸಿದಾಗ ಅದು ಟೈಲಿನಿಂದ ಟೈಲಿಗೆ ಹತ್ತಿ ಹೋಗುವುದು ಕಾಣಿಸಿತು. ಏಪ್ರಿಲಿನ ಭೂಕಂಪದ್ದು ಇರಬೇಕು ಎಂದ ಕೆಂಪರಾಜು. ಅವತ್ತು ಆಫೀಸಿನಲ್ಲಿ ಗುರುಪ್ರಸಾದ ಎಲ್ಲರಿಗಿಂತ ಮೊದಲು ಮೇಜಿನ ಕೆಳಗೆ ಹೊಕ್ಕಿದ್ದ, ಆಮೇಲೆ ಕೈಯಿಂದ ಜಾರಿದ ಪೆನ್ನು ಹುಡುಕುತ್ತಿದ್ದೆ ಎಂದಿದ್ದ. ಕೆಂಪರಾಜು ಬೆನ್ನು ನೆಟ್ಟಗೆ ಮಾಡಿಕೊಂಡು ನಿಧಾನವಾಗಿ ವಿವರಿಸಿದ.

"ಇದು ತೆರೆದ ಬೆಂಕಿಯಂಗಲ್ಲ ಸಾರ್. ಬಾಗಿಲು ಮುಚ್ಚಿರ್ತದೆ, ನಿಧಾನ ಉರೀತದೆ. ಹೊಗೆ ತಣ್ಣಗೆ ಏರ್ತದೆ, ಗೋಡೆಗೆ ಡಾಂಬರು ಬಳ್ದಂಗೆ ಹಿಡ್ಕೊತದೆ. ಒಂದಿನ ಆ ಡಾಂಬರಿಗೇ ಬೆಂಕಿ ಹತ್ತುತ್ತೆ. ಟೈಲು ಗಟ್ಟಿಯಾಗಿದ್ರೆ ಉರಿದು ಹೋಗ್ಲಿ ಅನ್ನಬೋದು. ಬಿರುಕಿದ್ರೆ ಹಿಂದೆ ಇರೋದು ಮನೆ ಮರ. ಒಲೆ ತಲೆಯಿಂದ ಚಿಮ್ನಿ ತುದೀವರೆಗೂ ಒಂದೇ ಸ್ಟೀಲು ಪೈಪು ಇಳಿಸ್ಬೇಕು. ಎರಡು ವಾರ ತಡೀರಿ, ನಮ್ಮ ಶಾಪಿಂದ ತರ್ತೀನಿ. ಸಿಟಿಯೋರ ಪರ್ಮಿಟ್ಟು ತಗೊಳ್ಳಿ, ಇನ್ಸ್‌ಪೆಕ್ಟರು ನೋಡಿ ಸಹಿ ಹಾಕ್ಲಿ. ಅಲ್ಲೀಗಂಟ ಒಂದು ಕಡ್ಡೀನೂ ಗೀರಬೇಡಿ. ಕಾಗದ ಕೂಡ ಸುಡಬೇಡಿ."

ಒಂದಿಷ್ಟೂ ಗೊಂದಲವಿಲ್ಲದ ಮಾತು. ಗುರುಪ್ರಸಾದ ತಲೆಯಾಡಿಸಿದ. ಬಿರುಕಿನ ಹಿಂದಿನ ಗೋಡೆ ಮಹಡಿಯ ಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದೂ ಅವನಿಗೆ ಗೊತ್ತಿತ್ತು. ಅತ್ತೆಯೂ ಒಂಬತ್ತು ವರ್ಷದ ಮಗಳು ಊರ್ಮಿಳಾಳೂ ಒಂದೇ ಮಂಚದಲ್ಲಿ ಮಲಗುವ ಕೋಣೆ. ಮಂಚದ ತಲೆಕಡೆ ಅದೇ ಗೋಡೆ. ಒಲೆಯನ್ನು ಪೈಪಿನ ತುಂಡುಗಳ ಮೇಲೆ ಉರುಳಿಸಿ ಜಾಗಕ್ಕೆ ಕೂರಿಸಿ, ಸಾಮಾನು ಕಟ್ಟಿಕೊಂಡು, ಕೆಂಪರಾಜು ಕೈತೊಳೆಯಲು ಗ್ಯಾರೇಜಿನ ನಲ್ಲಿಗೆ ಹೋದ. ಒಳಗೆ ಬನ್ನಿ ಎಂದು ಗುರುಪ್ರಸಾದ ಕರೆದದ್ದು ನಿಜ. ಅವನು ಗ್ಯಾರೇಜಿಗೇ ಹೋದಾಗ, ಅಡುಗೆಮನೆಯ ಸಿಂಕಿನ ಹತ್ತಿರ ಅತ್ತೆಯ ಮಡಿ ನೀರಿನ ಚೊಂಬಿದೆಯಲ್ಲ, ಸದ್ಯ ಎಂದು ಸಮಾಧಾನವಾದದ್ದೂ ನಿಜ. ಸಮಾಧಾನವಾದದ್ದನ್ನು ತಕ್ಷಣ ಗುರುತಿಸಿ ನಾಚಿಕೊಂಡ. ಗುರುತಿಸಿದ್ದಕ್ಕೆ ಒಳಗೊಳಗೇ ಸ್ವಲ್ಪ ಹೆಮ್ಮೆಪಟ್ಟ. ಆಗಲೇ ಫೋನು ಹೊಡೆದುಕೊಂಡಿತು. ಶನಿವಾರದ ಪಾಳಿಯಲ್ಲಿದ್ದ ಇಂದು ಲ್ಯಾಬಿನಿಂದ, ಏನಾಯಿತು, ಸರಿಯಾಗಿದೆಯಾ ಎಂದು ಕೇಳಿದಳು. ಅವಳ ದನಿಯಲ್ಲಿ, ಆಗಿರುವುದಿಲ್ಲ, ನನಗೆ ಗೊತ್ತಿತ್ತು ಎಂಬ ಸಣ್ಣ ಎಳೆ ಇದ್ದಂತೆ ಅವನಿಗೆ ಕೇಳಿಸಿತು. ಆ ಎಳೆ ಅಲ್ಲಿತ್ತೋ ಇವನ ಕಿವಿಯಲ್ಲಿತ್ತೋ, ಬಾಯಿಂದ ಆ ವಾಕ್ಯ ಜಾರಿ ಬಂತು. ಎಲ್ಲ ಸರಿಯಾಗಿದೆ, ಹಚ್ಚಬಹುದು ಎಂದು ಕೆಂಪರಾಜು ಹೇಳಿದರು. ನಾನು ಹೇಳುತ್ತೇನೆ ಎನ್ನಲಿಲ್ಲ. ಸುಳ್ಳು ಹೇಳುವಾಗಲೂ ಇನ್ನೊಬ್ಬರ ಬಾಯಿ ಬೇಕಾಯಿತು.

"ಇವತ್ತು ಹಚ್ಚುತ್ತೀರೇನು?" ಎಂದು ಒಲೆಯ ಮುಂದೆ ಕೂತಿದ್ದವನ ಹಿಂದಿನಿಂದ ದನಿ ಬಂತು. ಅತ್ತೆ ಸತ್ಯವತಿಯಮ್ಮ ಊಟದ ಮೇಜಿನ ಮೇಲೆ ಅಕ್ಕಿ ಹರಡಿಕೊಂಡು ಆರಿಸುತ್ತಿದ್ದರು. ಅಮೆರಿಕದ ಅಕ್ಕಿಯಲ್ಲಿ ಕಲ್ಲು ಇರುವುದಿಲ್ಲ ಎಂದು ಮಗಳು ಎಷ್ಟು ಹೇಳಿದರೂ ಬಿಟ್ಟಿರಲಿಲ್ಲ. ಬಂದ ನಾಲ್ಕು ತಿಂಗಳಲ್ಲಿ ಒಂದೇ ಒಂದು ಕಲ್ಲು ಸಿಕ್ಕಿತ್ತು. ಅದನ್ನು ಕಾಗದದಲ್ಲಿ ಸುತ್ತಿ ಇಟ್ಟುಕೊಂಡಿದ್ದರು.

ಸಾಯಂಕಾಲ ಬಳಗದವರೆಲ್ಲ ಬಂದ ಮೇಲೆ ಎಂದ ಗುರುಪ್ರಸಾದ.

"ಪೈಪು ಹಾಕಿಸಿದಿರಾ?"

ಅವನು ಯಾವ ಪೈಪು ಎಂದ. ಅಂದ ಮೇಲೆ ಅದು ಎಷ್ಟು ಕೆಟ್ಟ ಉತ್ತರ ಎಂಬುದು ಹೊಳೆಯಿತು.

"ಅದೇ, ಆ ಹುಡುಗ ಹೇಳಿದನಲ್ಲ. ಹೊಗೆಗೂಡಿನ ತುದಿ ತನಕ ಪೈಪು ಇಳಿಸಬೇಕು, ಅಲ್ಲಿ ತನಕ ಕಡ್ಡಿ ಗೀರಬೇಡಿ ಅಂತ. ನಾನು ಇಲ್ಲೇ ಕೂತು ಹುರುಳಿಕಾಯಿ ಸೋಸ್ತಿದ್ದೆನಲ್ಲ."

ಗುರುಪ್ರಸಾದನಿಗೆ ಮೊದಲು ನಾಚಿಕೆಯಾಗಲಿಲ್ಲ, ಆಶ್ಚರ್ಯವಾಯಿತು. ಈ ದೇಶದಲ್ಲಿ ಎಚ್ಚರಿಕೆಗಳೆಲ್ಲ ಇಂಗ್ಲಿಷಿನಲ್ಲಿ ಬರುತ್ತವೆ. ಡಾಕ್ಟರು ಅತ್ತೆಯ ರಕ್ತದೊತ್ತಡದ ಬಗ್ಗೆ ಹೇಳಿದ್ದು, ಗ್ಯಾಸಿನವನು ಹೇಳಿದ್ದು, ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸು ಬಿಚ್ಚಿಸಿದವನು ಹೇಳಿದ್ದು ಎಲ್ಲವೂ ಅವರ ತಲೆಯ ಮೇಲಿಂದ ಹಾದು ಇವನಿಗೆ ತಲುಪುತ್ತಿದ್ದವು. ಆಮೇಲೆ ಏನಂತೆ ಎಂದು ಅವರು ಕೇಳುತ್ತಿದ್ದರು, ಇವನು ತನಗೆ ಅನುಕೂಲವಾದಷ್ಟನ್ನು ಕನ್ನಡದಲ್ಲಿ ಬಡಿಸುತ್ತಿದ್ದ. ನಾಲ್ಕು ತಿಂಗಳಲ್ಲಿ ಇದು ಎಷ್ಟು ರೂಢಿಯಾಗಿತ್ತೆಂದರೆ, ಕೆಲಸದವನು ಏನು ಹೇಳಿದರೂ ಅತ್ತೆಗೆ ತಿಳಿಯುವುದಿಲ್ಲ ಎಂದು ಅವನ ಮೈಯೇ ತೀರ್ಮಾನಿಸಿಬಿಟ್ಟಿತ್ತು. ಕೆಂಪರಾಜು ಮಾತಾಡಿದ್ದು ಕನ್ನಡ ಎಂಬುದೇ ಮರೆತುಹೋಗಿತ್ತು. ತಿಂಗಳಿಗೊಮ್ಮೆ ಕನ್ನಡದ ಉಳಿವಿನ ಬಗ್ಗೆ ಮನೆಯಲ್ಲಿ ಸಭೆ ಸೇರಿಸುವ ಮನುಷ್ಯ ಇವನು. ಬದುಕಿರುವ ಕನ್ನಡ ಐದಡಿ ದೂರದಲ್ಲಿ ಕೂತು ಹುರುಳಿಕಾಯಿ ಸೋಸುತ್ತಿದ್ದದ್ದು ಕಾಣಿಸಿರಲಿಲ್ಲ.

ಅತ್ತೆ ಅವನನ್ನು ಎಂದೂ ಹೆಸರು ಹಿಡಿದು ಕರೆದವರಲ್ಲ, ಅಳಿಯನ ಮುಖ ನೋಡಿ ಮಾತಾಡಿದವರೂ ಅಲ್ಲ. ಈಗಲೂ ಅಕ್ಕಿಯನ್ನೇ ನೋಡುತ್ತ, ಇಂದುಗೆ ನೀವು ಬೇರೆ ಥರ ಹೇಳಿರೋ ಹಾಗಿದೆ ಎಂದರು. ಗಂಡ ಹೆಂಡತಿ ನಡುವೆ ತಾನು ಬಾಯಿ ಹಾಕುವುದಿಲ್ಲ, ಎಂಟು ದಿನದಿಂದ ನೀವೇ ಹೇಳುತ್ತೀರಿ ಅಂತ ಕಾದೆ ಎಂದರು. ಆಮೇಲೆ ತಲೆ ಎತ್ತಿದರು.

"ಆ ಗೋಡೆಗೆ ತಲೆ ಇಟ್ಟು ಮಲಗೋದು ನಾನೂ ಮಗೂನೂ. ನನ್ನದು ಹೇಗೋ ಆಯಿತು. ಸಾಯಂಕಾಲದೊಳಗೆ ನೀವೇ ಹೇಳಿಬಿಡಿ."

ಹೇಳಿಬಿಡುತ್ತೇನೆ ಎಂದು ಅವನು ಎದ್ದ. ಮೊಣಕಾಲು ಜೋಮು ಹಿಡಿದಿತ್ತು. ಅಡುಗೆಮನೆಗೆ ಕುಂಟಿಕೊಂಡು ಹೋದ. ಅಲ್ಲಿ ಹೆಂಡತಿ ಸಂಜೆಯ ಬಿಸಿಬೇಳೆಭಾತಿಗೆ ಮೆಣಸಿನಕಾಯಿ ಹುರಿಯುತ್ತಿದ್ದಳು, ಘಾಟಿಗೆ ಕಣ್ಣಲ್ಲಿ ನೀರು. ಗುರುಪ್ರಸಾದ ಬಾಯಿ ತೆರೆದ. ಬಿರುಕು ಎಂಬ ಶಬ್ದ ನಾಲಿಗೆಯ ತುದಿಯವರೆಗೆ ಬಂತು. ಗೋಡಂಬಿ ಇದೆಯಾ ಎಂದು ಕೇಳಿದ. ಇದೆ ಎಂದಳು. ಗೋಡಂಬಿಯ ಡಬ್ಬಿ ತೆಗೆದು ನೋಡಿ ಮುಚ್ಚಿದ. ಏನಾದರೂ ಬೇಕಾ ಎಂದಳು. ಏನಿಲ್ಲ ಎಂದ. ಹೊರಡುವಾಗ ಚಾವಣಿಯಲ್ಲಿ ಹೊಗೆ ಅಲಾರಮ್ಮಿನ ಬಿಳಿ ಡಬ್ಬಿ ಬಾಯಿ ಬಿಟ್ಟುಕೊಂಡು ಕೂತಿದ್ದು ಕಾಣಿಸಿತು. ಒಳಗೆ ಬ್ಯಾಟರಿ ಇರಲಿಲ್ಲ. ಪ್ರತಿ ಒಗ್ಗರಣೆಗೂ ಅದು ಕಿರುಚಿಕೊಂಡು ಬೀದಿಯವರೆಲ್ಲ ಇಣುಕುವಂತಾಗುತ್ತಿತ್ತೆಂದು ಎರಡು ವರ್ಷದ ಹಿಂದೆಯೇ ಬ್ಯಾಟರಿ ಕಿತ್ತು ಊರ್ಮಿಳಾಳ ಆಟಿಕೆಗೆ ಹಾಕಿದ್ದ. ಅವನಿಗೆ ಗೊತ್ತಿದ್ದ ಕನ್ನಡದವರ ಮನೆಗಳಲ್ಲೆಲ್ಲ ಈ ಡಬ್ಬಿ ಹೀಗೇ ಬಾಯಿ ಬಿಟ್ಟುಕೊಂಡು ಕೂತಿರುತ್ತಿತ್ತು. ಒಗ್ಗರಣೆಯ ಮನೆಗಳಿಗೆ ಬೆಂಕಿ ಬೀಳುವುದಿಲ್ಲ ಎಂದು ಎಲ್ಲರೂ ಸೇರಿ ಎಲ್ಲೋ ನಿರ್ಣಯ ಪಾಸು ಮಾಡಿದ ಹಾಗೆ. ಗುರುಪ್ರಸಾದ ಡ್ರಾಯರಿನಿಂದ ಹೊಸ ಬ್ಯಾಟರಿ ಹುಡುಕಿ, ಕುರ್ಚಿ ಹತ್ತಿ ಹಾಕಿದ. ಹಾಕಿದ ಕೂಡಲೇ ಮೆಣಸಿನಕಾಯಿ ಘಾಟಿಗೆ ಅದು ಕಿವಿ ಹರಿಯುವಂತೆ ಕೂಗಿಕೊಂಡಿತು. ಊರ್ಮಿಳಾ ಮಹಡಿಯಿಂದ ಓಡಿಬಂದು, ಸ್ಕೂಲಿನಲ್ಲಿ ಕಲಿಸಿದ ಹಾಗೆ ಸೀದಾ ಮುಂಬಾಗಿಲಿನಿಂದ ಆಚೆ ಹೋಗಿ ಹುಲ್ಲಿನ ಮೇಲೆ ನಿಂತಳು. ಬರಿಗಾಲಿನಲ್ಲಿ, ಚಳಿಯಲ್ಲಿ, ಮಿಕ್ಕವರು ಯಾಕೆ ಹೊರಗೆ ಬರುತ್ತಿಲ್ಲ ಎಂದು ನೋಡುತ್ತ. ಒಳಗೆ ಬಾ ಪುಟ್ಟಿ, ಏನೂ ಇಲ್ಲ ಎಂದು ಇಂದು ಕರೆದಳು. ಗುರುಪ್ರಸಾದ ಕುರ್ಚಿಯ ಮೇಲೆ ನಿಂತು, ಕೂಗುವ ಡಬ್ಬಿಯನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು, ಕಿಟಕಿಯಿಂದ ಆ ಬರಿಗಾಲುಗಳನ್ನು ನೋಡಿದ. ಈ ಮನೆಯಲ್ಲಿ ಹೇಳಿದ್ದನ್ನು ಹೇಳಿದ ಹಾಗೆ ನಂಬುವವಳು ಇವಳೊಬ್ಬಳೇ ಅನ್ನಿಸಿತು.

ಹೇಳಿದ್ದರೆ ಏನಾಗುತ್ತಿತ್ತು? ಹೆಂಡತಿ ಒಂದು ನಿಮಿಷ ಸುಮ್ಮನಿರುತ್ತಿದ್ದಳು, ಆಮೇಲೆ ಸರಿ, ಹಚ್ಚುವುದು ಬೇಡ ಎನ್ನುತ್ತಿದ್ದಳು. ಅಷ್ಟೇ. ಆ ಒಂದು ನಿಮಿಷಕ್ಕೆ ಹೆದರಿ ಎಂಟು ದಿನ ಕಳೆದಿದ್ದ. ಹೆದರುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಸಂಜೆ ಅವನು ಓದಬೇಕಾಗಿದ್ದ ಪ್ರಬಂಧ ದುಡಿಮೆಯ ಘನತೆಯ ಬಗ್ಗೆ. ನಮ್ಮವರೊಬ್ಬರ ಕೈಯಿಂದ ಎದ್ದ ಒಲೆಯ ಮುಂದೆ, ಮೊದಲ ಬೆಂಕಿಯ ಬೆಳಕಿನಲ್ಲಿ ಎಂದು ಒಂಬತ್ತು ಮನೆಗಳಿಗೆ ಕೈಬರಹದ ಪತ್ರ ಹೋಗಿತ್ತು. ಆ ವಾಕ್ಯಕ್ಕೆ ಅರ್ಧ ದಿನ ತೆಗೆದುಕೊಂಡಿದ್ದ. ಒಳ್ಳೆಯ ವಾಕ್ಯಕ್ಕಾಗಿ ಅವನು ಮೊದಲಿನಿಂದಲೂ ಏನನ್ನಾದರೂ ಬಿಟ್ಟುಕೊಡುವವನೇ. ಮೈಸೂರಿನಲ್ಲಿ ಬೀದಿ ಗುಡಿಸುವವರು ಮುಷ್ಕರ ಹೂಡಿದಾಗ ಬಳಗದಿಂದ ಕರಪತ್ರ ಬರೆದವನು ಇವನು. ಅವರ ಮುಖಂಡ, ಬೆರಳುಗಳ ಸಂದಿಯಲ್ಲಿ ಹುಣ್ಣಾಗಿದ್ದ ಮನುಷ್ಯ, ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲೇ ನಿಂತು ಕೇಳಿಸಿಕೊಂಡು, ಚೆನ್ನಾಗದೆ ಸ್ವಾಮಿ, ನಮ್ಮ ಕೇರಿಗೆ ಒಂದು ನಲ್ಲಿ ಬೇಕು ಅಂತ ಸೇರಿಸಿ ಎಂದಿದ್ದ. ಶತಮಾನಗಳ ಸಂಕೋಲೆ ಎಂದು ಓಟದಲ್ಲಿ ಹೋಗುತ್ತಿದ್ದ ಗದ್ಯದಲ್ಲಿ ನಲ್ಲಿಗೆ ಎಲ್ಲೂ ಜಾಗ ಸಿಗಲಿಲ್ಲ. ಸಾವಿರ ಪ್ರತಿ ಅಚ್ಚಾಯಿತು. ಗದ್ಯವನ್ನು ಎಲ್ಲರೂ ಹೊಗಳಿದರು. ನಲ್ಲಿ ಬರಲಿಲ್ಲ. ಕರಪತ್ರದಲ್ಲೂ ಬರಲಿಲ್ಲ, ಕೇರಿಗೂ ಬರಲಿಲ್ಲ.

ನಾಲ್ಕು ಗಂಟೆಗೆ ಕಾರುಗಳು ಬರತೊಡಗಿದವು. ಜಗನ್ನಾಥ ಎಲ್ಲರಿಗಿಂತ ಮೊದಲು ಬಂದು, ಕೋಟು ಬಿಚ್ಚದೆ ಸೀದಾ ಒಲೆಯ ಮುಂದೆ ಬಗ್ಗಿ, ಗಾಜಿನ ಬಾಗಿಲನ್ನು ಎರಡು ಸಲ ತೆಗೆದು ಹಾಕಿದ. "ಏನ್ ಗುರು, ಇದು ನಿಮ್ಮಜ್ಜಿ ಕಾಲದ್ದಾ? ನಮ್ಮನೇದಕ್ಕೆ ಫ್ಯಾನ್ ಇದೆ ಕಣಯ್ಯ" ಎಂದ. ಹೊಸದಾಗಿ ಹಾಸಿದ ಇಟ್ಟಿಗೆಯ ಮೇಲೆ ಬೂಟುಗಾಲಿನಿಂದ ತಟ್ಟಿ, ಕೆಲಸ ಪರವಾಗಿಲ್ಲ ಎಂದು ಪಾಸು ಮಾಡಿದ. ಹೆಂಗಸರು ಅಡುಗೆಮನೆಯಲ್ಲಿ, ಮಕ್ಕಳು ಮಹಡಿಯಲ್ಲಿ, ಗಂಡಸರು ಸೋಫಾಗಳಲ್ಲಿ ತುಂಬಿಕೊಂಡರು. ಕಡೆಗೆ ಕೆಂಪರಾಜು ಬಂದ. ಹೆಂಡತಿಗೆ ಡ್ಯೂಟಿ ಇದೆ ಎಂದು ಒಬ್ಬನೇ ಬಂದಿದ್ದ, ಕೈಯಲ್ಲಿ ಅವಳೇ ಮಾಡಿದ ಕೋಡುಬಳೆಯ ಡಬ್ಬಿ. ಇಸ್ತ್ರಿ ಮಾಡಿದ ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿದ್ದ. ಸೋಫಾದಲ್ಲಿ ಜಾಗ ಇತ್ತು. ಬಾಗಿಲ ಹತ್ತಿರದ ಮಡಿಚುವ ಕುರ್ಚಿಯಲ್ಲಿ ಕೂತ. ಇಲ್ಲಿ ಬನ್ನಿ ಎಂದು ಗುರುಪ್ರಸಾದ ಕರೆದ. ಇರಲಿ ಸಾರ್ ಎಂದ. ಅವನ ಕಣ್ಣು ಒಮ್ಮೆ ಒಲೆಯ ಕಡೆ ಹೋಯಿತು. ಒಳಗೆ ಸೌದೆ ಜೋಡಿಸಿತ್ತು, ಸಂದಿಯಲ್ಲಿ ಕಾಗದದ ಉಂಡೆಗಳು. ಮಧ್ಯಾಹ್ನ ಗುರುಪ್ರಸಾದನೇ ಜೋಡಿಸಿದ್ದು. ಹಚ್ಚಲು ಅಲ್ಲ, ನೋಡಲು ಚೆನ್ನಾಗಿರಲಿ ಎಂದು ತನಗೇ ಹೇಳಿಕೊಂಡಿದ್ದ. ಕೆಂಪರಾಜುವಿನ ಕಣ್ಣು ಸೌದೆಯಿಂದ ಗುರುಪ್ರಸಾದನ ಕಡೆಗೆ ಬಂತು. ಗುರುಪ್ರಸಾದ ಪ್ರಬಂಧದ ಹಾಳೆಗಳನ್ನು ಜೋಡಿಸಿಕೊಳ್ಳತೊಡಗಿದ.

ಓದಿದ. ಮೊದಲ ಪುಟ ಚೆನ್ನಾಗಿ ಹೋಯಿತು. ಎರಡನೆಯ ಪುಟದ ನಡುವೆ, ಹದಿನೈದು ದಿನದ ಹಿಂದೆ ಬರೆದು ಮೂರು ಸಲ ತಿದ್ದಿದ್ದ ವಾಕ್ಯ ಎದುರಾಯಿತು. ದುಡಿಯುವವನ ಕೈಯನ್ನು ನಾವು ಹೊಗಳುತ್ತೇವೆ, ಬಾಯನ್ನು ಮಾತ್ರ ನಮ್ಮ ಬಳಿಯೇ ಇಟ್ಟುಕೊಳ್ಳುತ್ತೇವೆ. ಓದಿ ಅಲ್ಲೇ ನಿಲ್ಲಿಸಿ ನೀರಿನ ಲೋಟ ಎತ್ತಿಕೊಂಡ. ಜಗನ್ನಾಥ ಅದನ್ನು ಭಾವಾವೇಶ ಎಂದುಕೊಂಡು ತಲೆದೂಗಿದ, ಇನ್ನಿಬ್ಬರು ಕಣ್ಣು ಮುಚ್ಚಿಕೊಂಡರು. ನೀರು ಕುಡಿಯುತ್ತ ಗುರುಪ್ರಸಾದ ಲೋಟದ ಅಂಚಿನ ಮೇಲಿಂದ ನೋಡಿದ. ಅತ್ತೆ ಊಟದ ಮೇಜಿನ ಹತ್ತಿರ ಕೈಕಟ್ಟಿ ಕೂತು ಕೇಳುತ್ತಿದ್ದರು. ಕೆಂಪರಾಜುವೂ ಗಮನವಿಟ್ಟು ಕೇಳುತ್ತಿದ್ದ, ಒಂದು ಜೋಡಣೆ ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಕೇಳುವವನ ಹಾಗೆ. ಉಳಿದ ಎರಡು ಪುಟಗಳನ್ನು ಗುರುಪ್ರಸಾದ ಹೇಗೆ ಓದಿದನೋ ಅವನಿಗೇ ಗೊತ್ತಾಗಲಿಲ್ಲ. ಚಪ್ಪಾಳೆಯಾಯಿತು. ಆತ್ಮವಿಮರ್ಶೆ ಇದ್ದರೆ ಹೀಗಿರಬೇಕು ಎಂದು ಯಾರೋ ಅಂದರು.

ಚಪ್ಪಾಳೆ ನಿಲ್ಲುತ್ತಿದ್ದಂತೆ ಜಗನ್ನಾಥ, ಈಗ ಬೆಂಕಿ ಎಂದ. ಕೈ ಉಜ್ಜಿಕೊಳ್ಳುತ್ತ, ಲೆಕ್ಚರಿನಲ್ಲಿ ಶಾಖ ಬಂತು, ರೂಮಿಗೂ ಬರಲಿ ಎಂದ. ಎಲ್ಲರೂ ನಕ್ಕರು. ಇಂದು ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಂಡು ಬಂದಳು, ಹಿಂದೆ ಮಕ್ಕಳು ಮೆಟ್ಟಿಲಿಳಿದು ಬಂದು ಕಂಬಿಗಳ ನಡುವೆ ಮುಖ ತೂರಿಸಿ ಕೂತರು. ಅತ್ತೆ ಗುರುಪ್ರಸಾದನನ್ನು ನೋಡಿದರು. ಅಳಿಯನ ಮುಖವನ್ನು ನೇರವಾಗಿ ನೋಡಿದ್ದು ಅದೇ ದಿನ ಎರಡನೆಯ ಸಲ. ಒಂದು ನಿಮಿಷ, ಏರ್ ಕಂಟ್ರೋಲು ನೋಡಬೇಕು, ಕೆಂಪರಾಜು ಸ್ವಲ್ಪ ಬನ್ನಿ ಎಂದು ಗುರುಪ್ರಸಾದ ಗ್ಯಾರೇಜಿನ ಬಾಗಿಲು ತೆಗೆದ. ಏರ್ ಕಂಟ್ರೋಲು ಎಂಬ ಆ ಗಾಳಿಯ ಹಿಡಿ ಇದ್ದದ್ದು ಒಲೆಯ ಪಕ್ಕದಲ್ಲಿ, ಎಲ್ಲರ ಕಣ್ಣೆದುರಿಗೆ. ಅದನ್ನು ಯಾರೂ ಹೇಳಲಿಲ್ಲ.

ಗ್ಯಾರೇಜಿನಲ್ಲಿ ತಣ್ಣಗಿತ್ತು. ಕಾರಿನ ಪಕ್ಕದಲ್ಲಿ ಉಳಿದ ಅರ್ಧ ಚೀಲ ಸಿಮೆಂಟು, ಬಾಯಿ ನೀಟಾಗಿ ಮಡಿಸಿ ಕಟ್ಟಿದ್ದು, ಕೆಂಪರಾಜು ಕಟ್ಟಿದ್ದು. ಗುರುಪ್ರಸಾದ ಬೇಗ ಬೇಗ ಮಾತಾಡಿದ. ಒಂದು ತಪ್ಪಾಗಿದೆ, ಇಂದುಗೆ ಫೋನಿನಲ್ಲಿ ಹೇಳುವಾಗ ಸ್ವಲ್ಪ ಆಚೀಚೆ ಆಯಿತು, ಹಚ್ಚಬಹುದು ಎಂದು ನೀವು ಹೇಳಿದಿರಿ ಅಂತ ಅಂದುಬಿಟ್ಟೆ ಎಂದ. ಇಂಗ್ಲಿಷಿನಲ್ಲಿ ಸಾರಿ ಎಂದ. ಗುರುಪ್ರಸಾದನ ಮಾತು ಇನ್ನೂ ಬೇಗವಾಯಿತು. ಹಚ್ಚುವುದಂತೂ ಬೇಡವೇ ಬೇಡ, ಅದರಲ್ಲಿ ಎರಡು ಮಾತಿಲ್ಲ, ಮಕ್ಕಳಿದ್ದಾರೆ. ಆದರೆ ಇಷ್ಟು ಜನರ ಮುಂದೆ ಹೇಗೆ ಹೇಳುವುದು ಅನ್ನುವುದೇ ಪ್ರಶ್ನೆ. ಇದನ್ನು ಹೇಳುವಾಗ, ತಾನು ಈಗ ಒಳ್ಳೆಯದನ್ನೇ ಮಾಡುತ್ತಿದ್ದೇನೆ, ಎಲ್ಲರ ಜೀವ ಉಳಿಸುತ್ತಿದ್ದೇನೆ ಎಂಬ ಭಾವನೆ ಎದೆಯಲ್ಲಿ ಬೆಚ್ಚಗೆ ಏಳುತ್ತಿತ್ತು.

"ನೀವು ಒಂದು ಸಣ್ಣ ಸಹಾಯ ಮಾಡಬೇಕು. ಮುಂದಿನ ಇಟ್ಟಿಗೆಗೆ ಸಿಮೆಂಟು ಸ್ವಲ್ಪ ನೀರಾಗಿ ಕಲಸಿಬಿಟ್ಟೆ, ಇನ್ನೂ ಒಣಗಿಲ್ಲ, ಇವತ್ತು ಬೇಡ ಅಂತ ಹೇಳಿಬಿಡಿ. ನಿಮಗೆ ಯಾರೂ ಏನೂ ಅನ್ನಲ್ಲ. ಅದು ನನ್ನ ಜವಾಬ್ದಾರಿ."

ಕೆಂಪರಾಜು ಸಿಮೆಂಟಿನ ಚೀಲವನ್ನು ನೋಡಿದ. ಆಮೇಲೆ ತನ್ನ ಕೈಗಳನ್ನು ನೋಡಿಕೊಂಡ. ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಇಂಥ ಜನ ಸುಮ್ಮನಿದ್ದರೆ ಒಪ್ಪಿದರು ಎಂದೇ ಅರ್ಥ ಮಾಡಿಕೊಂಡು ಬೆಳೆದವನು ಗುರುಪ್ರಸಾದ. ಸೈಕಲ್ ಶಾಪಿನ ಮೇಲಿನ ಅಷ್ಟೂ ಪುಸ್ತಕಗಳು ಸೇರಿ ಆ ಒಂದು ಅಭ್ಯಾಸವನ್ನು ಬಿಡಿಸಿರಲಿಲ್ಲ. ಬಹಳ ಉಪಕಾರವಾಯಿತು ಎಂದು ಅವನ ಭುಜ ತಟ್ಟಿ, ಬಾಗಿಲು ತೆಗೆದು, ಮೊದಲು ತಾನೇ ಒಳಗೆ ಹೋದ.

ಒಳಗೆ ಎಲ್ಲರೂ ಕಾದಿದ್ದರು. ಜಗನ್ನಾಥ ಒಲೆಯ ಮುಂದೆ ಮಂಡಿಯೂರಿ, ಗಾಜಿನ ಬಾಗಿಲು ತೆರೆದು, ಎಲ್ಲಿಂದಲೋ ಒಂದು ಕಡ್ಡಿಪೆಟ್ಟಿಗೆ ಸಂಪಾದಿಸಿ ಕೂತಿದ್ದ. ಗುರುಪ್ರಸಾದ ಸಭೆಯ ದನಿ ತಂದುಕೊಂಡ. ಸ್ನೇಹಿತರೇ, ಒಂದು ಸಣ್ಣ ನಿರಾಶೆ ಎಂದ. ಕೆಂಪರಾಜು ಈಗ ನೋಡಿದರು, ಅವರ ಕಡೆಯಿಂದ ಸ್ವಲ್ಪ ಹೆಚ್ಚುಕಡಿಮೆ ಆಗಿದೆ, ಏನೂ ದೊಡ್ಡದಲ್ಲ, ಯಾರಿಂದಲಾದರೂ ಆಗುವಂಥದೇ ಎಂದ. ಅಯ್ಯೋ ಎಂದು ಹೆಂಗಸರೊಬ್ಬರು ಅಂದರು. ನಾನು ಹೇಳಲಿಲ್ಲವಾ, ಕಂಪನಿಯವರಿಗೆ ಕೊಡಬೇಕಿತ್ತು ಎಂದು ಜಗನ್ನಾಥ ಎದ್ದು ಮಂಡಿಯ ಧೂಳು ಕೊಡವಿಕೊಂಡ. ಇಂದು ಹುಬ್ಬು ಗಂಟಿಕ್ಕಿ ಕೆಂಪರಾಜುವನ್ನು ನೋಡಿದಳು. ಎಲ್ಲ ಸರಿ ಇದೆ ಅಂತ ನೀವೇ ಅಂದಿರಂತಲ್ಲ ಎಂದಳು, ಬೈಗುಳವಲ್ಲ, ಲ್ಯಾಬಿನಲ್ಲಿ ಎರಡು ರಿಪೋರ್ಟು ತಾಳೆಯಾಗದಿದ್ದಾಗ ಕೇಳುವ ಹಾಗೆ.

"ಅವರೇ ಹೇಳುತ್ತಾರೆ" ಎಂದ ಗುರುಪ್ರಸಾದ. "ಹೇಳಿ ಕೆಂಪರಾಜು, ಸಿಮೆಂಟಿಂದು."

ಕೆಂಪರಾಜು ಗ್ಯಾರೇಜಿನ ಬಾಗಿಲಲ್ಲೇ ನಿಂತಿದ್ದ. ಇಷ್ಟು ಹೊತ್ತೂ ಅವನನ್ನು ನೋಡದಿದ್ದವರೂ ಈಗ ತಿರುಗಿ ನೋಡಿದರು. ಅವನು ನಡೆದು ಬಂದು, ಇಟ್ಟಿಗೆ ಹಾಸಿನ ಮುಂದೆ ಕುಕ್ಕರಿಸಿ, ಎರಡು ಇಟ್ಟಿಗೆಯ ನಡುವಿನ ಸಿಮೆಂಟಿಗೆ ಹೆಬ್ಬೆರಳಿನ ಉಗುರು ಊರಿ ಎಳೆದ. ಗೀರು ಬೀಳಲಿಲ್ಲ. ಎದ್ದು ನಿಂತ.

"ಹೇಳಲ್ಲ" ಎಂದ.

ಗುರುಪ್ರಸಾದ ನಕ್ಕ. ಸಂಕೋಚ ಬೇಡ, ಇಲ್ಲಿರುವವರೆಲ್ಲ ನಮ್ಮವರೇ, ಹೇಳಿ ಎಂದ. ದನಿಯಲ್ಲಿ ಆ ಸಾರ್ ಬಂದು ಕೂತಿದ್ದ. ಅವನ ಕಿವಿಗೇ ಅದು ಕೇಳಿಸಿತು. ಎಷ್ಟು ಹೇಳಬೇಕೋ ಅಷ್ಟು ಹೇಳಿ ಮುಗಿಸಿ ಎಂದ.

"ಸಿಮೆಂಟು ನಾನು ಸರಿಯಾಗೇ ಕಲಸಿದೀನಿ. ನಾನು ಹೇಳೋದು ಹೋದ ಶನಿವಾರನೇ ಹೇಳಿ ಆಯ್ತು, ನಿಮಗೆ. ಇವತ್ತು ನಾನು ಏನೂ ಹೇಳಲ್ಲ. ನೀವು ಹೇಳಿ."

ಬಾಗಿಲ ಹತ್ತಿರಕ್ಕೆ ಹೋದ. ಹೊರಟುಹೋಗುತ್ತಾನೆ ಎಂದುಕೊಂಡು ಗುರುಪ್ರಸಾದನಿಗೆ ಉಸಿರು ಬಂತು. ಕೆಂಪರಾಜು ಮಡಿಚುವ ಕುರ್ಚಿಯನ್ನು ಎತ್ತಿಕೊಂಡು ಬಂದು, ಸೋಫಾಗಳ ನಡುವೆ, ಗುರುಪ್ರಸಾದನ ಎದುರಿಗೆ ಹಾಕಿ, ಕೇಳಲು ಕೂತ.